ನಾಯಿ ಕಡಿತ: ಗಾಯಕ್ಕೆ ಮದ್ದು, ನಷ್ಟಕ್ಕೆ ಪರಿಹಾರ

ಹೊಲ ಕಾಯುವುದು, ಕುರಿಮಂದೆಯ ಹಿಂದೆ ನಡೆಯುವುದು, ರಾತ್ರಿ ಬಾಗಿಲಲ್ಲಿ ಮಲಗಿ ಮನೆಗೆ ಧೈರ್ಯ ಕೊಡುವುದು; ನಾಯಿಯು ಹೀಗೆ ಸಾವಿರಾರು ವರ್ಷಗಳಿಂದ ಮನುಷ್ಯನೊಡನೆ ಬಾಳುತ್ತ ಬಂದಿದೆ. ಅದೇ ನಾಯಿ ಕಚ್ಚಿದಾಗ ಒಂದು ಮನೆಗೆ ಎರಡು ಬಗೆಯ ಸಂಕಟ ಒದಗುತ್ತದೆ. ಒಂದು ದೇಹದ್ದು, ಇನ್ನೊಂದು ದುಡಿಮೆಯದು. ಗಾಯ ಮಾಯುವವರೆಗೆ ಕೂಲಿ ತಪ್ಪುತ್ತದೆ, ಆಸ್ಪತ್ರೆಗೆ ಅಲೆದಾಟ ತಪ್ಪುವುದಿಲ್ಲ, ಮಗುವಿಗೆ ಕಚ್ಚಿದ್ದರೆ ತಾಯಿಯ ನಿದ್ದೆಯೂ ಹೋಗುತ್ತದೆ.

ದೇಹದ ಸಂಕಟಕ್ಕೆ ವೈದ್ಯಶಾಸ್ತ್ರದಲ್ಲಿ ಖಚಿತವಾದ ಉಪಾಯವಿದೆ. ದುಡಿಮೆಯ ಸಂಕಟಕ್ಕೆ ಕಾನೂನಿನಲ್ಲಿ ದಾರಿಗಳಿವೆ. ಆದರೆ ನಮ್ಮಲ್ಲಿ ಬಹುಮಂದಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಾರೆ. ಪರಿಹಾರದ ಮಾತನ್ನಂತೂ ಎತ್ತುವುದೇ ಇಲ್ಲ. ‘ನಮ್ಮ ಗ್ರಹಚಾರ’ ಎಂದು ಸುಮ್ಮನಾಗುವವರು ಕೆಲವರು, ‘ನೆರೆಮನೆಯವರನ್ನು ಕೇಳುವುದು ಹೇಗೆ’ ಎಂದು ಸಂಕೋಚಪಡುವವರು ಕೆಲವರು. ಚಿಕಿತ್ಸೆಯ ದಾರಿಯೂ ಪರಿಹಾರದ ದಾರಿಯೂ ಆರಂಭದಲ್ಲಿ ಒಂದೇ ಆಗಿವೆ. ಮೊದಲ ದಿನವೇ ಆಸ್ಪತ್ರೆಗೆ ಹೋಗಿ ಚಿಕಿತ್ಸೆಯನ್ನು ಕ್ರಮವಾಗಿ ಮುಗಿಸಿದವರ ಕೈಯಲ್ಲಿ ಪರಿಹಾರಕ್ಕೆ ಬೇಕಾದ ಮುಖ್ಯ ಪುರಾವೆಯು ತಾನಾಗಿಯೇ ಸೇರಿರುತ್ತದೆ. ಭಕ್ತರು ಈ ಸಂಗತಿಯನ್ನು ಮನಗಾಣಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಜೀವ

ನಾಯಿ ಕಡಿತದ ದೊಡ್ಡ ಅಪಾಯವೆಂದರೆ ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಇದರ ವೈರಾಣು ನಾಯಿಯ ಜೊಲ್ಲಿನಲ್ಲಿದ್ದು, ಗಾಯದ ಮೂಲಕ ನರಗಳನ್ನು ಹಿಡಿದು ಮೆದುಳಿನ ಕಡೆಗೆ ಸಾಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು. ನೀರು ಕಂಡರೆ ಬೆದರುವುದು, ಗಂಟಲು ಬಿಗಿಯುವುದು ಮೊದಲಾದ ಲಕ್ಷಣಗಳು ಒಮ್ಮೆ ತೋರಿದ ಮೇಲೆ ರೋಗಿ ಉಳಿಯುವುದು ಅತಿ ವಿರಳ. ಆದರೆ ಲಕ್ಷಣ ತೋರುವ ಮುನ್ನ ಸರಿಯಾದ ಚಿಕಿತ್ಸೆ ದೊರೆತರೆ ಈ ರೋಗವನ್ನು ಪೂರ್ಣವಾಗಿ ತಡೆಯಬಹುದು. ಹೀಗಾಗಿ ರೇಬೀಸ್‌ನಿಂದ ಆಗುವ ಸಾವುಗಳಲ್ಲಿ ಹೆಚ್ಚಿನವು ತಪ್ಪಿಸಬಹುದಾದ ಸಾವುಗಳೇ ಆಗಿವೆ.

ಕಚ್ಚಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಮನೆಯಲ್ಲಿಯೇ ಆಗುವಂಥದು. ಹರಿಯುವ ನೀರಿನಡಿ ಗಾಯವನ್ನು ಹಿಡಿದು ಸಾಬೂನು ಹಚ್ಚಿ 15 ನಿಮಿಷ ಚೆನ್ನಾಗಿ ತೊಳೆಯಬೇಕು. ನಲ್ಲಿ ಇಲ್ಲದಿದ್ದರೆ ಕೊಡದಿಂದ ಸತತವಾಗಿ ನೀರು ಸುರಿದರೂ ಆದೀತು. ಇದು ತೀರ ಸಾಧಾರಣವಾಗಿ ಕಂಡರೂ ಗಾಯದಲ್ಲಿರುವ ವೈರಾಣುಗಳ ಸಂಖ್ಯೆಯನ್ನು ಬಹಳವಾಗಿ ತಗ್ಗಿಸುವ ಕ್ರಮ. ಬಳಿಕ ಅಯೋಡಿನ್‌ನಂತಹ ನಂಜುನಿರೋಧಕ ಹಚ್ಚಬಹುದು. ಖಾರದ ಪುಡಿ, ಸುಣ್ಣ, ಅರಿಸಿನ, ಎಣ್ಣೆ, ಕಾಫಿಪುಡಿ, ಸೊಪ್ಪಿನ ರಸ ಇವಾವುದನ್ನೂ ಹಚ್ಚಕೂಡದು. ಇವು ಗಾಯವನ್ನು ಕೆರಳಿಸುತ್ತವೆಯೇ ವಿನಾ ವೈರಾಣುವನ್ನು ಕೊಲ್ಲುವುದಿಲ್ಲ. ನಾಟಿಮದ್ದು, ಮಂತ್ರ, ತಾಯಿತಗಳನ್ನು ನಂಬಿ ದಿನ ಕಳೆಯುವುದಂತೂ ಪ್ರಾಣಕ್ಕೆ ಎರವಾಗುವ ನಡೆ.

ವೈದ್ಯರು ಕಡಿತವನ್ನು ಮೂರು ವರ್ಗಗಳಾಗಿ ನೋಡುತ್ತಾರೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದ್ದರೆ ಅದು ಮೊದಲ ವರ್ಗ, ತೊಳೆದುಕೊಂಡರೆ ಸಾಕು. ರಕ್ತ ಬಾರದ ಪರಚುಗಾಯ ಎರಡನೆಯ ವರ್ಗ. ಇದಕ್ಕೆ ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ, ಅಥವಾ ಗಾಯದ ಮೇಲೆ, ಬಾಯಿ ಕಣ್ಣುಗಳ ಒಳಪೊರೆಯ ಮೇಲೆ ಜೊಲ್ಲು ಬಿದ್ದಿದ್ದರೆ ಅದು ಮೂರನೆಯ ವರ್ಗ. ಆಗ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಗಾಯದ ಸುತ್ತಲೂ ಒಳಗೂ ಚುಚ್ಚಬೇಕಾಗುತ್ತದೆ. ಲಸಿಕೆಯ ಪ್ರಭಾವದಿಂದ ನಮ್ಮ ದೇಹ ತಾನೇ ಪ್ರತಿಕಾಯ ತಯಾರಿಸಿಕೊಳ್ಳಲು ಕೆಲವು ದಿನ ಬೇಕು. ಆ ನಡುವಿನ ಅವಧಿಯ ಕಾವಲುಗಾರನಂತೆ ಈ ಔಷಧ ಕೆಲಸ ಮಾಡುತ್ತದೆ. ಮೊದಲ ದಿನ ಅದು ದೊರೆಯದಿದ್ದರೆ ಲಸಿಕೆ ಆರಂಭಿಸಿದ 7 ದಿನಗಳೊಳಗೆ ಪಡೆಯಬಹುದು. ಗಾಯಕ್ಕೆ ಹೊಲಿಗೆ ಹಾಕುವುದನ್ನು ವೈದ್ಯರು ಸಾಮಾನ್ಯವಾಗಿ ಮುಂದೂಡುತ್ತಾರೆ. ‘ಹೊಲಿಗೆಯನ್ನೂ ಹಾಕಲಿಲ್ಲ’ ಎಂದು ಬೇಸರಿಸಬೇಕಾಗಿಲ್ಲ.

ಹಿಂದೆ ಹೊಕ್ಕುಳ ಸುತ್ತ 14 ಚುಚ್ಚುಮದ್ದು ಹಾಕಿಸಿಕೊಂಡವರ ನೋವಿನ ಕಥೆ ಊರೂರಲ್ಲೂ ಇದೆ. ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ ಕೈಬಿಟ್ಟು ಸುಮಾರು ಎರಡು ದಶಕಗಳಾದವು. ಇಂದಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ 0, 3, 7 ಮತ್ತು 28ನೆಯ ದಿನ. ಸ್ನಾಯುವಿಗೆ ಹಾಕುವ ಕ್ರಮದಲ್ಲಿ 0, 3, 7, 14 ಮತ್ತು 28ನೆಯ ದಿನ. ಇಲ್ಲಿ ‘0’ ಎಂದರೆ ಮೊದಲ ಚುಚ್ಚುಮದ್ದಿನ ದಿನ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಇದನ್ನು ನಿರ್ಭಯವಾಗಿ ಪಡೆಯಬಹುದು. ನಾಯಿ ಗುರುತಿನದಾಗಿದ್ದರೆ 10 ದಿನ ಅದರ ಮೇಲೆ ಕಣ್ಣಿಡಬೇಕು. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ ಮುಂದಿನ ಕ್ರಮವನ್ನು ವೈದ್ಯರು ನಿರ್ಧರಿಸುತ್ತಾರೆ. ಆದರೆ ‘ಹತ್ತು ದಿನ ನೋಡೋಣ’ ಎಂದು ಮೊದಲ ಚುಚ್ಚುಮದ್ದನ್ನು ಮಾತ್ರ ತಡೆಹಿಡಿಯಕೂಡದು.

ಚೀಟಿಯೇ ಸಾಕ್ಷಿ

ಆಸ್ಪತ್ರೆಯಲ್ಲಿ ದೊರೆಯುವ ಸಣ್ಣ ಚೀಟಿಯನ್ನು ಬಹುಮಂದಿ ಮನೆಗೆ ಬಂದೊಡನೆ ಎಲ್ಲಿಯೋ ಸಿಕ್ಕಿಸಿ ಮರೆಯುತ್ತಾರೆ. ಪರಿಹಾರದ ಅರ್ಜಿಗೆ ಅದೇ ಬುನಾದಿ. ಹೊರರೋಗಿ ಚೀಟಿಯಲ್ಲಿ ‘ನಾಯಿ ಕಡಿತ’ ಎಂಬ ಮಾತು, ಕಚ್ಚಿದ ದಿನಾಂಕ, ದೇಹದ ಯಾವ ಭಾಗ, ಎಷ್ಟು ಹಲ್ಲಿನ ಗುರುತು, ಗಾಯದ ಉದ್ದ ಮತ್ತು ಆಳ, ಯಾವ ವರ್ಗದ ಕಡಿತ ಎಂಬ ವಿವರಗಳಿರಬೇಕು. ‘ಡಾಕ್ಟರೇ, ಇಷ್ಟನ್ನು ದಯವಿಟ್ಟು ಬರೆದುಕೊಡಿ’ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಗಾಯ ದೊಡ್ಡದಾಗಿದ್ದರೆ ಅದನ್ನು ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂದು ದಾಖಲಿಸುವಂತೆ ಕೋರಬಹುದು.

ಇವುಗಳೊಡನೆ ಕೂಡಿಡಬೇಕಾದ ಕಾಗದಗಳು ಹೀಗಿವೆ: ದಿನಾಂಕಗಳಿರುವ ಲಸಿಕೆಯ ಕಾರ್ಡು, ಹೊರಗೆ ಕೊಂಡ ಔಷಧಗಳ ರಸೀದಿ, ಬಸ್ ಟಿಕೆಟ್ ಅಥವಾ ಆಟೋ ಖರ್ಚಿನ ಬರಹ, ತಪ್ಪಿದ ಕೂಲಿಯ ಬಗ್ಗೆ ಕೆಲಸ ಕೊಟ್ಟವರ ಪತ್ರ, ತೊಳೆದ ಮೇಲೆ ತೆಗೆದ ಗಾಯದ ಚಿತ್ರ ಮತ್ತು ವಾರದ ನಂತರದ ಇನ್ನೊಂದು ಚಿತ್ರ, ಹರಿದ ಬಟ್ಟೆ, ಕಂಡವರಿಬ್ಬರ ಹೆಸರು ಮತ್ತು ವಿಳಾಸ. ಇಷ್ಟನ್ನೂ ಒಂದೇ ಲಕೋಟೆಯಲ್ಲಿ ಹಾಕಿಟ್ಟರೆ ಮುಂದೆ ಯಾವ ಕಚೇರಿಗೆ ಹೋದರೂ ಕೈ ಬರಿದಾಗಿರುವುದಿಲ್ಲ.

ಸಾಕಿದ ನಾಯಿ ಕಚ್ಚಿದರೆ

ನಾಯಿಯನ್ನು ಸಾಕಿದವನಿಗೆ ಅದರಿಂದ ಅನ್ಯರಿಗೆ ಹಾನಿಯಾಗದಂತೆ ನೋಡಿಕೊಳ್ಳುವ ಹೊಣೆಯುಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಳೆಯ ದಂಡ ಸಂಹಿತೆಯ 289ನೆಯ ಕಲಮು ಇದೇ ಆಗಿತ್ತು. ಅಲ್ಲಿ ದಂಡದ ಮಿತಿ 1,000 ರೂಪಾಯಿ ಮಾತ್ರ. ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಅದರ ಸ್ವೀಕೃತಿ ಪಡೆಯಬೇಕು.

ಇದು ಶಿಕ್ಷೆಯ ದಾರಿ. ನಷ್ಟ ತುಂಬಿಸಿಕೊಳ್ಳುವ ದಾರಿ ಸಿವಿಲ್ ನ್ಯಾಯಾಲಯದಲ್ಲಿದೆ. ಅಲ್ಲಿ ನ್ಯಾಯಾಧೀಶರು ಕೆಲವು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ. ನಾಯಿ ಯಾರದು? ಅದು ಮೊದಲೂ ಕಚ್ಚಲು ಹೋದದ್ದು ಮಾಲೀಕನಿಗೆ ಗೊತ್ತಿತ್ತೇ? ಸರಪಳಿ, ಗೇಟು ಇದ್ದವೇ? ಗಾಯಗೊಂಡವನು ನಾಯಿಯನ್ನು ಕೆಣಕಿದ್ದನೇ? ಕಲ್ಲೆಸೆದು ಕೆಣಕಿದ್ದರೆ ಪರಿಹಾರ ತಗ್ಗಬಹುದು ಅಥವಾ ಇಲ್ಲವಾಗಬಹುದು. ರಸ್ತೆಯಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿದ್ದವನ ಮೇಲೆ ಬಿಟ್ಟ ಗೇಟಿನಿಂದ ನಾಯಿ ಎರಗಿದ್ದರೆ ಅವನ ಮಾತಿಗೆ ತೂಕ ಹೆಚ್ಚು.

ಊರಿನಲ್ಲಿ ಇಂಥ ಪ್ರಕರಣಗಳು ಹೆಚ್ಚಾಗಿ ಹಿರಿಯರ ಸಮ್ಮುಖದಲ್ಲಿ ರಾಜಿಯಾಗುತ್ತವೆ. ಅದು ಒಳ್ಳೆಯದೇ. ನೆರೆಹೊರೆಯ ಬಾಂಧವ್ಯ ಉಳಿದು ನ್ಯಾಯವೂ ದೊರೆತರೆ ಅದಕ್ಕಿಂತ ಬೇರೇನು ಬೇಕು? ಆದರೆ ಎರಡು ಎಚ್ಚರಗಳು ಅಗತ್ಯ. ಎಲ್ಲ ಚುಚ್ಚುಮದ್ದುಗಳೂ ಮುಗಿದು ಗಾಯ ಮಾಯುವ ಮುನ್ನ ‘ಇನ್ನೇನೂ ಬಾಕಿಯಿಲ್ಲ’ ಎಂದು ಸಹಿ ಹಾಕಬಾರದು. ಸೋಂಕು ತಗುಲಿ ಖರ್ಚು ಬೆಳೆಯಬಹುದು. ಹಾಗೆಯೇ ರಾಜಿಯ ಮೊತ್ತ, ದಿನಾಂಕ, ಸಾಕ್ಷಿಗಳ ಸಹಿ ಇವೆಲ್ಲ ಬರಹದಲ್ಲಿರಬೇಕು.

ಬೀದಿನಾಯಿ ಕಚ್ಚಿದರೆ

ಬೀದಿನಾಯಿಗೆ ಮಾಲೀಕನಿಲ್ಲ, ಹಾಗೆಂದು ಹೊಣೆಗಾರರೇ ಇಲ್ಲವೆಂದು ತಿಳಿಯಬಾರದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ರೇಬೀಸ್ ಲಸಿಕೆ ಹಾಕಿಸುವ ಕರ್ತವ್ಯ ಸ್ಥಳೀಯ ಸಂಸ್ಥೆಗಳದು. ಅಂದರೆ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ, ಪಟ್ಟಣದಲ್ಲಿ ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಿಗೆ ಸಾಗಿಸುವಂತೆ ದೇಶದ ಎಲ್ಲೆಡೆಯ ಆಡಳಿತಗಳಿಗೆ ಆದೇಶಿಸಿತು.

ಅದೇ ತಿಂಗಳು ಕರ್ನಾಟಕ ಸರ್ಕಾರವು ಬೀದಿನಾಯಿ ದಾಳಿಗೆ ಪರಿಹಾರ ನಿಗದಿಪಡಿಸಿತು. ದಾಳಿಯಿಂದ ಅಥವಾ ರೇಬೀಸ್‌ನಿಂದ ಸಾವು ಸಂಭವಿಸಿದರೆ 5 ಲಕ್ಷ ರೂಪಾಯಿ. ಚರ್ಮ ತೂತಾಗುವುದು, ಕಪ್ಪಾಗಿ ಕಂದುವುದು, ಸೀಳುಗಾಯ, ಹಲವೆಡೆ ಕಡಿತ ಇಂಥ ಗಾಯಗಳಿಗೆ 5,000 ರೂಪಾಯಿ. ಇದರಲ್ಲಿ 3,500 ರೂಪಾಯಿ ಗಾಯಗೊಂಡವರಿಗೆ, ಉಳಿದ 1,500 ರೂಪಾಯಿ ಚಿಕಿತ್ಸೆಯ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ. ಆದ್ದರಿಂದ ಕಡಿತವಾದ ಒಂದೆರಡು ದಿನಗಳಲ್ಲೇ ಸ್ಥಳೀಯ ಸಂಸ್ಥೆಯ ಮುಖ್ಯಸ್ಥರಿಗೆ, ಹಳ್ಳಿಯಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಲಿಖಿತ ಅರ್ಜಿ ಸಲ್ಲಿಸಿ ಮುದ್ರೆಯೊತ್ತಿದ ಪ್ರತಿಯನ್ನು ಪಡೆದುಕೊಳ್ಳಬೇಕು.

ಸಣ್ಣ ಮೊತ್ತದಿಂದ ತುಂಬಲಾಗದ ನಷ್ಟವಾದಾಗ ನ್ಯಾಯಾಲಯದ ಬಾಗಿಲು ತೆರೆದೇ ಇರುತ್ತದೆ. ಬೇರೆ ರಾಜ್ಯಗಳ ಎರಡು ನಿದರ್ಶನಗಳು ಇಲ್ಲಿ ದಾರಿ ತೋರುತ್ತವೆ. ಕೇರಳದಲ್ಲಿ ಬೀದಿನಾಯಿ ಕಡಿತದ ಅರ್ಜಿಗಳನ್ನು ಪರಿಶೀಲಿಸಿ ಪರಿಹಾರ ಶಿಫಾರಸು ಮಾಡಲು ಸುಪ್ರೀಂ ಕೋರ್ಟು 2016ರಲ್ಲಿ ನಿವೃತ್ತ ನ್ಯಾಯಮೂರ್ತಿ ಸಿರಿ ಜಗನ್ ಅವರ ಸಮಿತಿಯನ್ನು ನೇಮಿಸಿತು. 2023ರ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ, ಮಾಂಸ ಕಿತ್ತುಬಂದಿದ್ದರೆ ಪ್ರತಿ 0.2 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 20,000 ರೂಪಾಯಿ ಎಂದು ನಿಗದಿಪಡಿಸಿತು. ಈ ತೀರ್ಪು ನಮ್ಮ ರಾಜ್ಯವನ್ನು ಕಟ್ಟಿಹಾಕುವುದಿಲ್ಲ. ಆದರೆ ವಕೀಲರು ಇದನ್ನು ನಮ್ಮ ನ್ಯಾಯಾಲಯದ ಮುಂದೆ ಮೇಲ್ಪಂಕ್ತಿಯಾಗಿ ಇಡಬಹುದು. ಹಲ್ಲಿನ ಗುರುತಿನ ಎಣಿಕೆ, ಗಾಯದ ಅಳತೆ ಆಸ್ಪತ್ರೆಯ ಚೀಟಿಯಲ್ಲಿರಬೇಕೆಂದು ಮೇಲೆ ಹೇಳಿದ್ದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಸ್ಥಳೀಯ ಸಂಸ್ಥೆಯ ನಿರ್ಲಕ್ಷ್ಯವನ್ನು ತೋರಿಸಲು ಮಾಹಿತಿ ಹಕ್ಕು ಅಧಿನಿಯಮ ನೆರವಾಗುತ್ತದೆ. ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ, ಕಳೆದ ಎರಡು ವರ್ಷಗಳಲ್ಲಿ ನಮ್ಮ ವಾರ್ಡಿನ ಎಷ್ಟು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆಗಿದೆ, ಎಷ್ಟು ದೂರುಗಳು ಬಂದಿವೆ, ಏನು ಕ್ರಮವಾಗಿದೆ ಎಂದು ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಮೂರು ಸಲ ದೂರು ಕೊಟ್ಟರೂ ಏನೂ ಆಗಿಲ್ಲವೆಂಬುದು ಕಚೇರಿಯ ಕಾಗದದಲ್ಲಿಯೇ ಕಂಡರೆ ಅದಕ್ಕಿಂತ ಬಲವಾದ ಸಾಕ್ಷಿ ಬೇರೆ ಇಲ್ಲ.

ಲೆಕ್ಕ ಹಾಕುವ ಬಗೆ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ದಿನಕ್ಕೆ 500 ರೂಪಾಯಿ ದುಡಿಯುವ ಕೂಲಿಕಾರನೊಬ್ಬನ ಮೀನಖಂಡಕ್ಕೆ ನಾಯಿ ಆಳವಾಗಿ ಕಚ್ಚಿತು. 12 ದಿನ ಕೆಲಸಕ್ಕೆ ಹೋಗಲಾಗಲಿಲ್ಲ: 6,000 ರೂಪಾಯಿ. 28ನೆಯ ದಿನದ ಚುಚ್ಚುಮದ್ದಿಗೆ ಇನ್ನೊಂದು ದಿನದ ಕೂಲಿ ಹೋಯಿತು: 500. ನಾಲ್ಕು ಸಲ ತಾಲ್ಲೂಕು ಆಸ್ಪತ್ರೆಗೆ ಜೊತೆಯಲ್ಲಿ ಬಂದ ಮಗನ ಕೂಲಿ 2,000. ಇಬ್ಬರ ಬಸ್ ಪ್ರಯಾಣ ಪ್ರತಿ ಸಲ 160ರಂತೆ 640. ಹೊರಗೆ ಕೊಂಡ ಮಾತ್ರೆ, ಬ್ಯಾಂಡೇಜು 1,350. ಒಟ್ಟು 10,490 ರೂಪಾಯಿ. ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆತರೂ ಕಡಿತ ಉಚಿತವಲ್ಲ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಇದು ರಸೀದಿಯಿಂದ ತೋರಿಸಬಹುದಾದ ನಷ್ಟ. ನೋವು, ಉಳಿದ ಕಲೆ, ಕುಂಟುತನ, ಮಗುವಾದರೆ ಹೊರಗೆ ಕಾಲಿಡಲು ಹೆದರುವ ಮನಃಸ್ಥಿತಿ ಇವುಗಳಿಗೆ ರಸೀದಿ ಇಲ್ಲ. ಆದರೂ ನ್ಯಾಯಾಲಯ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮಗು ರಾತ್ರಿ ಬೆಚ್ಚಿಬೀಳುತ್ತಿದ್ದರೆ ವೈದ್ಯರಿಗೆ ತೋರಿಸಿ ಬರೆಯಿಸಿಕೊಳ್ಳಬೇಕು. ಅದು ಮಗುವಿನ ಆರೋಗ್ಯಕ್ಕೂ ಹಿತ, ಅರ್ಜಿಗೂ ಆಧಾರ.

ಕಾಲ ಮೀರದಂತೆ ನೋಡಿಕೊಳ್ಳುವುದೂ ಮುಖ್ಯ. ದಾವೆಗಳಿಗೆ ಕಾನೂನು ಕಾಲಮಿತಿ ವಿಧಿಸಿದೆ. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ ಎರಡು ತಿಂಗಳ ನೋಟಿಸ್ ಕೊಡಬೇಕಾಗುತ್ತದೆ. ಸಾವು ಸಂಭವಿಸಿದ್ದರೆ 1855ರ ಮಾರಕ ಅಪಘಾತಗಳ ಅಧಿನಿಯಮದಡಿ ಪತಿ ಅಥವಾ ಪತ್ನಿ, ತಂದೆತಾಯಿ, ಮಕ್ಕಳ ಪರವಾಗಿ ದಾವೆ ಹೂಡಲು ಎರಡು ವರ್ಷದ ಅವಧಿಯಿದೆ. ಹೀಗಾಗಿ ಗಾಯ ಮಾಯುತ್ತಿರುವಾಗಲೇ ವಕೀಲರನ್ನು ಕಾಣುವುದು ಜಾಣತನ.

ಬಡವರಿಗೂ ಬಾಗಿಲುಂಟು

‘ವಕೀಲರ ಫೀಸು ಎಲ್ಲಿಂದ ತರುವುದು’ ಎಂಬ ಪ್ರಶ್ನೆಗೆ ಉತ್ತರ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು ತಮ್ಮ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿಯಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಬಿಳಿಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೂ ಸಾಕು. 15100 ಸಂಖ್ಯೆಗೆ ಕರೆ ಮಾಡಿಯೂ ಸಲಹೆ ಪಡೆಯಬಹುದು. ತೀರ ನಿರ್ಗತಿಕರು ನ್ಯಾಯಾಲಯದ ಶುಲ್ಕ ಕಟ್ಟದೆಯೇ ದಾವೆ ಹೂಡಲು ಅನುಮತಿ ಕೇಳುವ ಅವಕಾಶವೂ ಇದೆ. ರಿಟ್ ಅರ್ಜಿಯ ಅಗತ್ಯ ಬಿದ್ದರೆ ಉತ್ತರ ಕರ್ನಾಟಕದ ಭಕ್ತರು ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ಹೈಕೋರ್ಟಿನ ಪೀಠಗಳು ಧಾರವಾಡದಲ್ಲಿಯೂ ಕಲಬುರಗಿಯಲ್ಲಿಯೂ ಇವೆ.

ದಯೆಯೂ ಹೊಣೆಯೂ

ಕಡಿತದ ಕೋಪದಲ್ಲಿ ನಾಯಿಗೆ ವಿಷವಿಡುವವರಿದ್ದಾರೆ. ಇದು ಮೂರು ಬಗೆಯಲ್ಲಿ ತಪ್ಪು. ಮೂಕಪ್ರಾಣಿಯ ಹಿಂಸೆ ಧರ್ಮವಲ್ಲ. ಪ್ರಾಣಿಯನ್ನು ವಿಷವಿಟ್ಟು ಕೊಲ್ಲುವುದು ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ 5 ವರ್ಷದವರೆಗೆ ಸೆರೆವಾಸಕ್ಕೆ ಗುರಿಪಡಿಸಬಹುದಾದ ಅಪರಾಧವಾದ್ದರಿಂದ, ಪರಿಹಾರ ಕೇಳಬೇಕಾದವನೇ ಆರೋಪಿಯಾಗಿ ನಿಲ್ಲಬೇಕಾಗುತ್ತದೆ. ಜೊತೆಗೆ ನಾಯಿ ಸತ್ತರೆ 10 ದಿನ ಗಮನಿಸುವ ಅವಕಾಶವೂ ಕೈತಪ್ಪುತ್ತದೆ. ಕಚ್ಚಿದ ನಾಯಿ ತಾನಾಗಿಯೇ ಸತ್ತರೆ ಅದನ್ನು ಬರಿಗೈಯಿಂದ ಮುಟ್ಟದೆ, ಹೂಳದೆ, ಪಶುವೈದ್ಯರಿಗೆ ತಿಳಿಸಬೇಕು. ಮೆದುಳಿನ ಪರೀಕ್ಷೆಯಿಂದ ರೋಗವಿತ್ತೇ ಎಂಬುದನ್ನು ಖಚಿತಪಡಿಸಿಕೊಳ್ಳಬಹುದು.

ನಾಯಿಗಳಿಂದ ಹರಡುವ ರೇಬೀಸ್ ಅನ್ನು 2030ರೊಳಗೆ ಇಲ್ಲವಾಗಿಸುವ ಗುರಿಯನ್ನು ನಮ್ಮ ದೇಶ ಇಟ್ಟುಕೊಂಡಿದೆ. ಈ ಗುರಿಗೆ ಪ್ರತಿ ಮನೆಯಿಂದಲೂ ಸಲ್ಲಬೇಕಾದ ಸೇವೆಯುಂಟು. ನಾಯಿ ಸಾಕಿದವರು ವರ್ಷವರ್ಷವೂ ಅದಕ್ಕೆ ಲಸಿಕೆ ಹಾಕಿಸಲಿ, ಗೇಟು ಮುಚ್ಚಲಿ. ಬೀದಿನಾಯಿಗೆ ಅನ್ನ ಹಾಕುವ ದಯಾಳುಗಳು ಅದಕ್ಕೆ ಲಸಿಕೆಯಾಗಿದೆಯೇ ಎಂದೂ ವಿಚಾರಿಸಲಿ. ಜಾತ್ರೆ, ದಾಸೋಹಗಳ ಬಳಿಕ ಎಲೆ ಮತ್ತು ಉಳಿಕೆಯನ್ನು ಬಯಲಲ್ಲಿ ಚೆಲ್ಲದೆ ಒಪ್ಪವಾಗಿ ವಿಲೇವಾರಿ ಮಾಡಿದರೆ ನಾಯಿಗಳ ಗುಂಪು ಕೂಡುವುದೇ ತಪ್ಪುತ್ತದೆ. ನಿದ್ರಿಸುವ, ಉಣ್ಣುವ, ಮರಿಗಳಿಗೆ ಹಾಲೂಡಿಸುವ ನಾಯಿಯ ಹತ್ತಿರ ಹೋಗಬಾರದೆಂಬುದನ್ನು ಮಕ್ಕಳಿಗೆ ಕಲಿಸೋಣ. ಕಚ್ಚಿದರೆ, ಪರಚಿದರೆ ಬೈಗುಳದ ಭಯವಿಲ್ಲದೆ ಮನೆಯಲ್ಲಿ ಹೇಳಬೇಕೆಂಬುದನ್ನೂ ಕಲಿಸೋಣ. ಬೈಯುತ್ತಾರೆಂಬ ಅಂಜಿಕೆಯಿಂದ ಮುಚ್ಚಿಟ್ಟ ಗಾಯವೇ ಹೆಚ್ಚು ಅಪಾಯಕಾರಿ.

ಪರಿಹಾರ ಕೇಳುವುದು ದುರಾಸೆಯಲ್ಲ, ಹಗೆತನವೂ ಅಲ್ಲ. ತನ್ನ ಕಾಯಕ ತಪ್ಪಿದ ದಿನಗಳ ಬೆಲೆಯನ್ನು ಹೊಣೆಗಾರರಿಂದ ನ್ಯಾಯವಾಗಿ ಪಡೆಯುವುದು ಅದು. ಒಬ್ಬರು ಹಾಕಿದ ಅರ್ಜಿಯಿಂದ ಎಚ್ಚೆತ್ತ ಪಂಚಾಯಿತಿಯು ಲಸಿಕಾ ಶಿಬಿರ ನಡೆಸಿದರೆ, ನಾಳೆ ಅದೇ ಬೀದಿಯಲ್ಲಿ ಶಾಲೆಗೆ ಹೋಗುವ ಇನ್ನೊಂದು ಮಗು ಕ್ಷೇಮವಾಗಿ ಮನೆ ಸೇರುತ್ತದೆ. ಗಾಯವನ್ನು ಕೂಡಲೇ ತೊಳೆಯಿರಿ, ಚುಚ್ಚುಮದ್ದನ್ನು ಪೂರ್ಣಗೊಳಿಸಿರಿ, ಚೀಟಿಯನ್ನು ಜೋಪಾನವಾಗಿಡಿರಿ, ಅರ್ಜಿಯನ್ನು ಅಂಜದೆ ಸಲ್ಲಿಸಿರಿ. ಸರ್ವರಿಗೂ ಆರೋಗ್ಯ ಲಭಿಸಲಿ.